ಕಾಲುವೆ ಬಾರದ ವರ್ಷದ ತಾರೀಖು

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ಕಾಲುವೆಯ ಸೇತುವೆ ದಾಟಿದ ಕೂಡಲೇ ಬಲಗಡೆಗೆ ಒಂದು ಸಣ್ಣ ಕಚೇರಿ. ರೈತರ ನೀರಿನ ಸಂಘದ್ದು. ಎರಡು ಕೋಣೆ, ಮುಂದೆ ತಗಡು ಹೊದೆಸಿದ ಪಡಸಾಲೆ, ಅಂಗಳದಲ್ಲಿ ಒಂದು ಬೇವಿನ ಮರ. ಯಾವ ತೂಬಿನ ನೀರು ಯಾವ ದಿನ ಯಾರ ಹೊಲಕ್ಕೆ ಹೋಗಬೇಕೆಂಬ ಪಾಳಿ ಬರೆಯುವುದು ಅಲ್ಲಿಯ ಮುಖ್ಯ ಕೆಲಸ. ನಾನು ಅಲ್ಲಿ ನಾಲ್ಕು ವರ್ಷ ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಯಾದಗಿರಿಯ ನಮ್ಮ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದು, ಭೀಮಾ ಸೇತುವೆ ದಾಟಿ, ಶಹಾಪುರದಲ್ಲಿ ಇನ್ನೊಂದು ಬಸ್ಸು ಹತ್ತಿ, ಕಾಲುವೆಯ ಹತ್ತಿರ ಇಳಿಯುವ ಹೊತ್ತಿಗೆ ಹತ್ತು ಗಂಟೆಗೆ ಇನ್ನೂ ಐದು ನಿಮಿಷ ಇರುತ್ತಿತ್ತು, ಇಲ್ಲವೇ ಹತ್ತೂವರೆ ದಾಟಿರುತ್ತಿತ್ತು. ನಡುವಿನ ಹೊತ್ತಿಗೆ ಎಂದಾದರೂ ಮುಟ್ಟಿದ್ದು ನೆನಪಿಲ್ಲ.

ಕಚೇರಿಯಲ್ಲಿ ನಾವು ಮೂರೇ ಜನ. ಗುಮಾಸ್ತರು ಶಿರವಾಳದವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕಾಲುವೆಗೆ ನೀರು ಬಿಟ್ಟ ಹೊಸತರಲ್ಲೇ ಅಲ್ಲಿಗೆ ಬಂದವರು. ಆ ಕಟ್ಟಡದ ಬೋರ್ಡು ಎರಡು ಸಲ ಬದಲಾಗಿತ್ತು, ಅವರ ಟೇಬಲ್ಲು ಮಾತ್ರ ಕದಲಿರಲಿಲ್ಲ. ಇನ್ನೊಬ್ಬರು ಗ್ಯಾಂಗ್‌ಮನ್. ಕಕ್ಕೇರಾ ಕಡೆಯವರು. ಗೇಟು ಎತ್ತುವುದು, ಇಳಿಸುವುದು, ದಂಡೆಯ ಮೇಲೆ ತಿರುಗಾಡಿ ಎಲ್ಲಿ ನೀರು ಜಿನುಗುತ್ತದೆ ನೋಡುವುದು ಅವರ ಕೆಲಸ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನಮ್ಮ ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು ಎಂದು ಗೊತ್ತಾದ ದಿನದಿಂದ ಅವರು ನನ್ನನ್ನು, ವಯಸ್ಸಿನಲ್ಲಿ ಅವರ ಮಗಳಿಗಿಂತ ಚಿಕ್ಕವಳಾದರೂ, ಶಾಲೆಯ ಟೀಚರಿಗೆ ಹೇಳುವಂತೆ "ಅಕ್ಕೋರ" ಎಂದೇ ಕರೆದರು.

ನಾನು ಸೇರುವ ಹಿಂದಿನ ಮಳೆಗಾಲದಲ್ಲಿ ದಂಡೆ ಒಡೆದು ಕಚೇರಿಯೊಳಗೆ ಮೊಣಕಾಲುದ್ದ ನೀರು ನಿಂತಿತ್ತಂತೆ. ಕಪಾಟಿನ ಕೆಳಗಿನ ಅರೆಯಲ್ಲಿದ್ದ ಪಾಳಿ ರಜಿಸ್ಟರುಗಳೆಲ್ಲ ನೆನೆದವು. ಗುಮಾಸ್ತರು ಮತ್ತು ಕಾಕಾ ಅವನ್ನು ದಂಡೆಯ ಮೇಲೆ ತಾಡಪತ್ರಿ ಹಾಸಿ, ಹಾಳೆ ಹಾಳೆ ಬಿಡಿಸಿ, ಹಾರಬಾರದೆಂದು ಒಂದೊಂದಕ್ಕೂ ಕಲ್ಲು ಇಟ್ಟು ನಾಲ್ಕು ದಿನ ಒಣಗಿಸಿದ್ದರು. "ಹಪ್ಪಳ ಹಾಕಿದಾಂಗ ಹಾಕಿದ್ವಿರಿ ಅಕ್ಕೋರ. ಕಾಗಿ ಕಾಯೋದೊಂದು ಬಾಕಿ ಇತ್ತು" ಎಂದು ಕಾಕಾ ನಗುತ್ತ ಹೇಳುತ್ತಿದ್ದರು. ಗುಮಾಸ್ತರು ನಗುತ್ತಿರಲಿಲ್ಲ. ಮಸಿ ಹರಡಿ ಓದಲಾಗದಂತಾದ ಹಾಳೆಗಳನ್ನೂ ಅವರು ಬಿಸಾಡಿರಲಿಲ್ಲ.

ಅದಾದ ಮೇಲೆ ಸಂಘದವರು ಎಲ್ಲ ರಜಿಸ್ಟರುಗಳನ್ನೂ ಸ್ಕ್ಯಾನ್ ಮಾಡಿಸಬೇಕು, ಅದರ ಒಂದು ಪ್ರತಿ ಈ ಕಟ್ಟಡದ ಹೊರಗೆ, ದೂರದಲ್ಲಿ ಇರಬೇಕು ಎಂದು ತೀರ್ಮಾನಿಸಿದರು. ನನ್ನನ್ನು ತೆಗೆದುಕೊಂಡದ್ದು ಆ ಕೆಲಸಕ್ಕೇ. ಮೊದಲ ವಾರದಲ್ಲೇ ಗುಮಾಸ್ತರು ನನ್ನನ್ನು ಕೂರಿಸಿಕೊಂಡು ಕೇಳಿದರು.

"ಎಲ್ಲಿ ಇಡ್ತೀರಿ ಅಂದ್ರಿ?"

"ಕ್ಲೌಡಿನಾಗ್ರಿ, ಸರ್."

"ಅಂದ್ರ?"

"ಮೋಡ ಅಂತ ಹೆಸರು ಅಷ್ಟೇರಿ. ಖರೇ ಮೋಡ ಅಲ್ಲ. ಎಲ್ಲೋ ದೂರದ ಊರಾಗ ದೊಡ್ಡ ದೊಡ್ಡ ಕಂಪ್ಯೂಟರ್ ಇರ್ತಾವ. ಇಂಟರ್ನೆಟ್ ಮ್ಯಾಲ ಕಳಿಸಿ ಅದರಾಗ ಇಡೋದು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಕಡಿ ಮೋಡದ ಮ್ಯಾಲ ಭರೋಸಾ ಇದ್ದಿದ್ರ ಈ ಕಾಲುವಿ ಎದಕ್ಕ ತೋಡ್ತಿದ್ರು, ಯವ್ವಾ?"

ಕೊನೆಗೆ ಅವರು ಒಂದು ಷರತ್ತಿನ ಮೇಲೆ ಒಪ್ಪಿದರು. ಅಂದು ಏನು ಹೋಯಿತು, ಏನು ಹೋಗಲಿಲ್ಲ ಎಂಬುದಕ್ಕೆ ದಿನಾ ಒಂದು ಕಾಗದ ಅವರ ಟೇಬಲ್ಲಿಗೆ ಬರಬೇಕು. ಬಾಯಿಮಾತು ನಡೆಯುವುದಿಲ್ಲ.

ಆರು ತಿಂಗಳು ಸ್ಕ್ಯಾನ್ ಮಾಡಿದೆ. ಪಾಳಿ ರಜಿಸ್ಟರಿನ ಹಾಳೆ ಎಂದರೆ ಕೊರೆದ ಗೆರೆಗಳು, ತೂಬಿನ ನಂಬರು, ರೈತರ ಹೆಸರು, ಗೇಟು ಎತ್ತಿದ ಹೊತ್ತು, ಇಳಿಸಿದ ಹೊತ್ತು. ಬಲಗಡೆಯ ಕೊನೆಯ ಕಾಲಮ್ಮಿಗೆ ಷರಾ ಎಂದು ಹೆಸರು. ಬೇರೆ ಕಚೇರಿಗಳಲ್ಲಿ ಆ ಕಾಲಮ್ಮು ಖಾಲಿ ಇರುತ್ತದೆ. ನಮ್ಮ ಗುಮಾಸ್ತರು ಅದನ್ನು ತುಂಬುತ್ತಿದ್ದರು. "ಮಗಳ ಲಗ್ನ, ಪಾಳಿ ತಮ್ಮನಿಗೆ ಬಿಟ್ಟಿದ್ದಾರೆ." "ಎತ್ತು ಸತ್ತದ್ದರಿಂದ ಈ ದಿನ ಹೊಲಕ್ಕೆ ಬಂದಿಲ್ಲ." "ಕುರಿ ದಾಟುವತನಕ ಅರ್ಧ ತಾಸು ಗೇಟು ಬಂದ್." ಮಧ್ಯಾಹ್ನದ ಬುತ್ತಿ ಬಿಚ್ಚಿಟ್ಟುಕೊಂಡು ನಾನು ಆ ಷರಾಗಳನ್ನು ಓದುತ್ತ ಕೂತುಬಿಡುತ್ತಿದ್ದೆ. ಊರ ಜನರನ್ನು ನಾನು ಮುಖದಿಂದ ಗುರುತಿಸುವ ಮೊದಲು ಷರಾದಿಂದ ಗುರುತಿಸಿದೆ.

ಕಳಿಸುವ ಕೆಲಸಕ್ಕೆ ಒಂದು ಕಪ್ಪು ಪೆಟ್ಟಿಗೆ ಬಂತು. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಪರದೆ ಇಲ್ಲ, ಕೀಬೋರ್ಡಿಲ್ಲ, ಮುಂದೊಂದು ದೀಪ. ನಾನು ನನ್ನ ಕಂಪ್ಯೂಟರಿನಿಂದ ಹಾಳೆಗಳನ್ನು ಅದರೊಳಗೆ ಹಾಕುವುದು, ಮಧ್ಯಾಹ್ನ ಒಂದು ಗಂಟೆಗೆ, ಇಂಟರ್ನೆಟ್ ಲೈನ್ ಖಾಲಿ ಇರುವ ಹೊತ್ತಿನಲ್ಲಿ, ನಾನು ಅಪ್ಪಣೆ ಕೊಟ್ಟೊಡನೆ ಅದು ದೂರಕ್ಕೆ ಕಳಿಸುವುದು. ಹೋದರೆ ಹಸಿರು ದೀಪ, ಹೋಗದಿದ್ದರೆ ಕೆಂಪು. ಆಮೇಲೆ ಒಂದು ವರದಿ ತಯಾರಾಗುತ್ತಿತ್ತು. ಅದನ್ನು ನಾನು ಪ್ರಿಂಟ್ ತೆಗೆದು ಗುಮಾಸ್ತರ ಟೇಬಲ್ಲಿನ ಮೇಲಿಟ್ಟರೆ ಅವರು ಫೈಲಿಗೆ ಹಚ್ಚುತ್ತಿದ್ದರು.

ಮೊದಲ ಎರಡು ತಿಂಗಳು ಹಸಿರು. ಆಮೇಲೆ ಒಂದು ದಿನ ಕೆಂಪು. ಮರುದಿನವೂ ಕೆಂಪು. ಅದರಾಚೆಯ ದಿನ ಹಸಿರು. ಮತ್ತೆ ಕೆಂಪು. ವರದಿಯ ಕೊನೆಗೆ ಒಂದೇ ಸಾಲು: ಸುರಕ್ಷಿತ ಸಂಪರ್ಕ ಸಾಧ್ಯವಾಗಲಿಲ್ಲ. ವಿಚಿತ್ರವೆಂದರೆ ನನ್ನ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಚೆನ್ನಾಗಿಯೇ ನಡೆಯುತ್ತಿತ್ತು. ಮೇಲ್ ಹೋಗುತ್ತಿತ್ತು, ಹವಾಮಾನ ಕಾಣುತ್ತಿತ್ತು. ಪೆಟ್ಟಿಗೆಗೆ ಮಾತ್ರ ದಾರಿ ಸಿಗುತ್ತಿರಲಿಲ್ಲ.

ನಾನು ತಂತಿ ಬದಲಿಸಿದೆ. ರೂಟರಿನ ಬೇರೆ ತೂತಿಗೆ ಸಿಕ್ಕಿಸಿದೆ. ಪಾಸ್‌ವರ್ಡ್ ಹೊಸದಾಗಿ ಹಾಕಿದೆ. ಪೆಟ್ಟಿಗೆ ಬಿಸಿಯಾಗಿದೆಯೇನೋ ಎಂದು ಅದನ್ನು ಕಿಟಕಿಯ ಹತ್ತಿರ, ಒದ್ದೆ ಮಡಕೆಯ ಪಕ್ಕಕ್ಕೆ ಒಯ್ದಿಟ್ಟೆ. ಪೆಟ್ಟಿಗೆ ಕೊಟ್ಟವರ ಸಹಾಯದ ನಂಬರಿಗೆ ಫೋನ್ ಹಚ್ಚಿದರೆ ಪ್ರತಿಸಲ ಒಂದೇ ಮಾತು: "ಮೇಡಂ, ರೂಟರ್, ಬಾಕ್ಸ್ ಎರಡನ್ನೂ ಆಫ್ ಮಾಡಿ, ಐದು ನಿಮಿಷ ಬಿಟ್ಟು ಎರಡನ್ನೂ ಒಟ್ಟಿಗೆ ಆನ್ ಮಾಡಿ." ನಾನು ಹೇಳಿದಂತೆಯೇ ಮಾಡುತ್ತಿದ್ದೆ. ಕೆಂಪು ಹಾಗೇ ಇರುತ್ತಿತ್ತು.

ಒಂದು ದಿನ ಗುಮಾಸ್ತರು ಫೋನು ತಾವೇ ಇಸಿದುಕೊಂಡರು. "ಹಲೋ, ಏನ್ ನಡಸೀರಿ ನೀವು? ಹದಿನೈದ್ ದಿನ ಆತು. ಆ ಹುಡುಗಿ ಹೈರಾಣ ಆಗ್ಯಾಳ. ಪೆಟ್ಟಿಗಿ ಸುದ್ದ ಅದನೋ ಇಲ್ಲೋ, ಒಂದ್ ಮಾತ ಹೇಳ್ರಿ!"

ಆ ಕಡೆಯವರು ಗಾಬರಿಯಾದರು. "ಸರ್, ಯಾಕೆ ಬೈತಿದೀರಾ?"

"ನಾ ಎಲ್ಲಿ ಬೈದೀನ್ರಿ? ಮಾತಾಡಾಕತ್ತೀನಿ!"

ನಾನು ಫೋನು ತೆಗೆದುಕೊಂಡು, ನಮ್ಮ ಕಡೆ ಮಾತಾಡುವುದೇ ಹೀಗೆ ಎಂದು ಸಮಾಧಾನ ಹೇಳಬೇಕಾಯಿತು. ಗುಮಾಸ್ತರಿಗೆ ಮಾತ್ರ ಬಹಳ ಬೇಸರವಾಗಿತ್ತು. ಸಂಜೆಯತನಕ ನಾಲ್ಕು ಸಲ ಕೇಳಿದರು, "ನಾ ಬೈದಾಂಗ ಕೇಳಿಸ್ತೇನ್ರಿ?"

ಆಮೇಲೆ ಕಾಕಾ ಮುಂದೆ ಬಂದರು. "ಕಾಲುವಿ ತುದಿಗಿ, ಟೇಲಿಗಿ ನೀರು ಮುಟ್ಟಲಿಲ್ಲಂದ್ರ ನಾ ಫೋನ್ ಹಚ್ಚಿಕೋತ ಕುಂದ್ರಾಂಗಿಲ್ಲರಿ ಅಕ್ಕೋರ. ದಂಡಿ ಹಿಡದು ನಡಿತೀನಿ. ನಿಮ್ಮ ಲೈನ್ ಎಲ್ಲಿಂದ ಬರ್ತದ?"

ಲೈನು ಮೂರು ಕಿಲೋಮೀಟರ್ ಆಚೆಯ ಹಳ್ಳಿಯಿಂದ, ದಂಡೆಯ ಗುಂಟ ಕಂಬದಿಂದ ಕಂಬಕ್ಕೆ ಬರುತ್ತಿತ್ತು. ಬೆಳಗಿನ ತಂಪಿನಲ್ಲೇ ಹೊರಟೆವು. ಕಾಕಾ ಮುಂದೆ, ನಾನು ಹಿಂದೆ, ಇಬ್ಬರದೂ ಕತ್ತು ಮೇಲಕ್ಕೆ. ಎಡಗಡೆ ಭತ್ತದ ಗದ್ದೆ, ಬಲಗಡೆ ನೀರು ಏರದ ತೊಗರಿ ಹೊಲ. ಕಾಕಾನಿಗೆ ಪ್ರತಿ ಕಂಬದ ಹತ್ತಿರವೂ ಏನಾದರೂ ನೆನಪಾಗುತ್ತಿತ್ತು. ಇಲ್ಲಿ ಹಾವು ಕಂಡಿತ್ತು, ಇಲ್ಲಿ ಎಮ್ಮೆ ಜಾರಿ ಬಿದ್ದಿತ್ತು, ಇಲ್ಲಿ ತಾನೇ ಜಾರಿ ಬಿದ್ದದ್ದು. ಎರಡು ಕಿಲೋಮೀಟರ್ ಮೇಲೆ ಕೊಯ್ದ ಹೊಲವೊಂದರಲ್ಲಿ ಕುರಿಯವರ ಹಟ್ಟಿ ಇಳಿದಿತ್ತು. ಅಲ್ಲಿ ಒಂದು ಕಂಬ ವಾಲಿತ್ತು. ಲೈನು ಕೆಳಕ್ಕೆ ಜೋತು, ಒಂದು ಜಾಲಿ ಗಿಡಕ್ಕೆ ಸೀರೆಯ ಸೆರಗಿನ ತುಂಡಿನಿಂದ ಕಟ್ಟಿತ್ತು.

ಕುರಿಯವರ ಮುದುಕಿ ಒಲೆಯ ಮುಂದಿನಿಂದ ಎದ್ದು ಬಂದಳು. "ಹೂಳು ತಗಿಯೋ ಮಷೀನು ಕಂಬಕ್ಕ ಬಡದು ಹೋತು ನೋಡ್ರಿ. ವೈರು ನೆಲಕ್ಕ ಬಿದ್ದಿತ್ತು, ನಮ್ಮ ಆಡು ಬಾಯಿ ಹಾಕಾಕತ್ತಿದ್ದು. ನಿಮ್ಮದು ಏನ್ ಕೆಡ್ತದೋ ಅಂತ ನಾನೇ ಕಟ್ಟೀನಿ."

ನೋಡಿದರೆ ಮೇಲಿನ ಸಿಪ್ಪೆ ಒಂದು ಗೇಣು ಕಿತ್ತು ಬಂದಿತ್ತು. ಗಾಳಿ ಬಿಟ್ಟರೆ ಅಲ್ಲಾಡುತ್ತಿತ್ತು. ಸಿಕ್ಕಿತು ರೋಗ ಎಂದು ನಾನು ಅಲ್ಲೇ ಕುಣಿಯುವುದೊಂದು ಬಾಕಿ. ಮುದುಕಿ ಚಹಾ ಕೊಟ್ಟಳು, ಆಡಿನ ಹಾಲಿನದು. ಲೈನಿನವರನ್ನು ಕರೆಸಿ ಎರಡು ದಿನದಲ್ಲಿ ರಿಪೇರಿ ಮಾಡಿಸಿದೆವು. ಅಂದು ಹಸಿರು. ಮರುದಿನ ಹಸಿರು. ಕಾಕಾ ಕಚೇರಿಗೆ ಬಂದವರಿಗೆಲ್ಲ ತಾನು ಇಂಟರ್ನೆಟ್ ರಿಪೇರಿ ಮಾಡಿದ ಕತೆ ಹೇಳಿದರು.

ಮೂರನೆಯ ದಿನ ಕೆಂಪು.

ನಾನು ಹಿಂದಿನ ಕೋಣೆಗೆ ಹೋಗಿ, ರಜಿಸ್ಟರುಗಳ ಅರೆಗೆ ಮುಖ ಮಾಡಿ ನಿಂತು ಅತ್ತುಬಿಟ್ಟೆ. ಅಳುವಂಥದ್ದು ಏನಿತ್ತು ಎಂದು ಈಗ ಅನ್ನಿಸುತ್ತದೆ. ಯಾರೂ ನನ್ನನ್ನು ಬೈದಿರಲಿಲ್ಲ. ಆದರೆ ನಾಳೆ ಮತ್ತೆ ದಂಡೆ ಒಡೆದರೆ, ಅರೆಯಲ್ಲಿದ್ದದ್ದೂ ಪೆಟ್ಟಿಗೆಯಲ್ಲಿದ್ದದ್ದೂ ಒಟ್ಟಿಗೆ ಮುಳುಗುತ್ತವಲ್ಲ, ಆ ಎತ್ತು ಸತ್ತವರು, ಲಗ್ನ ಮಾಡಿದವರು ಎಲ್ಲರೂ ಹೋಗುತ್ತಾರಲ್ಲ. ಅದಕ್ಕಾಗಿಯೇ ನನ್ನನ್ನು ಇಟ್ಟುಕೊಂಡದ್ದು, ಅದೊಂದು ಕೆಲಸವೇ ನನ್ನಿಂದ ಆಗುತ್ತಿಲ್ಲ.

ಗುಮಾಸ್ತರಿಗೆ ಕೇಳಿಸಿರಬೇಕು. ಒಳಗೆ ಬರಲಿಲ್ಲ. ಹೊರಗಿನಿಂದಲೇ "ಯವ್ವಾ, ಬುತ್ತಿ ಉಂಡಿಲ್ಲ ನೀವು. ಉಂಡು ಬರ್ರಿ ಇತ್ಲಾಗ, ಒಂದೀಟು ಕೆಲಸ ಅದ" ಎಂದರು.

ನಾನು ಉಂಡು, ಮುಖ ತೊಳೆದು ಹೋಗುವಷ್ಟರಲ್ಲಿ ಅವರು ಟೇಬಲ್ಲಿನ ಮೇಲೆ ವರದಿಗಳ ಫೈಲು ಬಿಚ್ಚಿ, ಹಾಳೆಗಳನ್ನು ಇಸ್ಪೀಟಿನಂತೆ ಎರಡು ಸಾಲು ಮಾಡಿ ಹರಡಿದ್ದರು. ಒಂದು ಸಾಲು ಹೋದ ದಿನಗಳು, ಇನ್ನೊಂದು ಹೋಗದ ದಿನಗಳು.

"ನನಗ ಇದರಾಗ ಮಾಲೂಮಾಗೋದು ಕಮ್ಮಿ. ತಳಗಿನ ಇಂಗ್ಲೀಷು ನೀವೇ ಓದ್ತೀರಿ. ನಾ ಯಾವ ಕಾಗದ ಬಂದ್ರೂ ಮೊದಲ ನೋಡೋದು ತಾರೀಖು. ಈ ಸಾಲಿನ ಮ್ಯಾಲ ತಾರೀಖು ನೋಡ್ರಿ."

ಹೋದ ದಿನಗಳ ಹಾಳೆಗಳ ನೆತ್ತಿಯ ಮೇಲೆ ಆಯಾ ದಿನದ ತಾರೀಖು, ಸಣ್ಣ ಅಕ್ಷರದಲ್ಲಿ.

"ಈಗ ಈ ಸಾಲು ನೋಡ್ರಿ."

ಹೋಗದ ದಿನಗಳ ಹಾಳೆಗಳ ಮೇಲೆ ಜನವರಿ ಒಂದು. ಮುಂದಿನದರ ಮೇಲೆಯೂ ಜನವರಿ ಒಂದು. ಇನ್ನೊಂದರ ಮೇಲೆಯೂ ಅದೇ. ಇಸವಿ ಸಾವಿರದ ಒಂಬೈನೂರ ಎಪ್ಪತ್ತು.

"ನಾ ಆವಾಗ ನಾಕನೇತ್ತ ಕಲಿಯಾಕತ್ತಿದ್ದೆ. ನೀವು ಹುಟ್ಟೇ ಇಲ್ಲ. ಈ ಪೆಟ್ಟಿಗಿ ಲೆಕ್ಕದಾಗ ಇನ್ನೂ ಕಾಲುವಿನೇ ಬಂದಿಲ್ಲರಿ" ಎಂದರು ಗುಮಾಸ್ತರು.

ನಾನು ಆ ಹಾಳೆಗಳನ್ನು ನನ್ನ ಕೈಯಿಂದಲೇ ಪ್ರಿಂಟ್ ತೆಗೆದಿದ್ದೆ, ನನ್ನ ಕೈಯಿಂದಲೇ ಟೇಬಲ್ಲಿಗೆ ತಂದಿಟ್ಟಿದ್ದೆ. ಒಂದು ದಿನವೂ ನೆತ್ತಿಯ ಕಡೆ ನೋಡಿರಲಿಲ್ಲ. ಕಣ್ಣು ನೇರ ಕೊನೆಯ ಸಾಲಿಗೇ ಹೋಗುತ್ತಿತ್ತು.

"ಸರ್, ಇದನ್ನ ಯಾವಾಗ ನೋಡಿದ್ರಿ?"

"ಎಂಟ್ ದಿನ ಆತು. ಇಂಥಾ ಮಷೀನಿನಾಗ ಹಿಂಗೇ ಇರ್ತದೇನೋ, ನನಗೇನ್ ತಿಳಿತದ ಅಂತ ಸುಮ್ಮನಿದ್ದೆ. ನೀವು ಅತ್ತದ್ದು ಕೇಳಿ, ಕೇಳೇ ಬಿಡೂಣು ಅನಸ್ತು."

ಇನ್ನೂ ಒಂದು ಇತ್ತು. ಅವರು ತಮ್ಮ ದಿನಚರಿ ತೆಗೆದರು. ನೀರಿನ ಮಟ್ಟ, ಮಳೆ, ಬಂದು ಹೋದವರು, ಕರೆಂಟು ಹೋದದ್ದು, ಬಂದದ್ದು, ಎಲ್ಲ ಬರೆಯುವುದು ಅವರ ಹಳೆಯ ಚಟ. ಕೆಂಪು ಬಂದ ದಿನಗಳ ತಾರೀಖನ್ನು ನಾನು ನನ್ನ ಕ್ಯಾಲೆಂಡರಿನ ಗುರುತು ನೋಡಿ ಹೇಳುತ್ತ ಹೋದೆ. ಅವರು ಬೆರಳು ಓಡಿಸುತ್ತ ಓದಿದರು. "ಮುಂಜಾನಿ ಹತ್ತಕ್ಕ ಕರೆಂಟ್ ಹೋತು." "ಹನ್ನೊಂದಕ್ಕ ಹೋತು, ಹನ್ನೆರಡಕ್ಕ ಬಂತು." ಕೆಂಪು ಬಂದ ದಿನವೆಲ್ಲ ಒಂದೋ ಕರೆಂಟು ಹೋಗಿತ್ತು, ಇಲ್ಲವೇ ನಾನೇ ಫೋನಿನವರ ಮಾತು ಕೇಳಿ ಎಲ್ಲವನ್ನೂ ಆರಿಸಿ ಹಚ್ಚಿದ್ದೆ.

ಆಗ ನನಗೆ ಒಂದೊಂದಾಗಿ ಹೊಳೆಯಿತು. ಪೆಟ್ಟಿಗೆಯೊಳಗಿನ ಗಡಿಯಾರಕ್ಕೆ ಒಂದು ಸಣ್ಣ ಸೆಲ್ ಇರುತ್ತದೆ. ಅದು ಸತ್ತಿದೆ. ಮೊದಲೆರಡು ತಿಂಗಳು ಇನ್ವರ್ಟರ್ ಇತ್ತು, ಕರೆಂಟು ಹೋದರೂ ಪೆಟ್ಟಿಗೆ ಆರುತ್ತಿರಲಿಲ್ಲ. ಆಮೇಲೆ ಇನ್ವರ್ಟರ್ ಕೆಟ್ಟಿತು. ಈಗ ಪೆಟ್ಟಿಗೆ ಆರಿದರೆ ಗಡಿಯಾರ ಮೊದಲ ದಿನಕ್ಕೆ ಹೋಗಿ ನಿಲ್ಲುತ್ತದೆ. ಏಳುವಾಗ ಅದು ಇಂಟರ್ನೆಟ್ಟಿನಲ್ಲಿ ಒಂದೇ ಒಂದು ಸಲ ಗಂಟೆ ಎಷ್ಟಾಯಿತೆಂದು ಕೇಳುತ್ತದೆ. ಆದರೆ ರೂಟರ್ ಅದಕ್ಕಿಂತ ನಿಧಾನ. ಕೇಳಿದ ಹೊತ್ತಿಗೆ ದಾರಿಯೇ ತೆರೆದಿರುವುದಿಲ್ಲ. ಸಂಜೆ ಆರಿಸಿ ಹೋದ ಪೆಟ್ಟಿಗೆಯನ್ನು ಬೆಳಿಗ್ಗೆ ನಾನು ಹಚ್ಚುವಾಗ ರೂಟರ್ ಎದ್ದೇ ಇರುತ್ತಿದ್ದುದರಿಂದ ತಾರೀಖು ಸರಿಯಾಗುತ್ತಿತ್ತು, ಆಮೇಲೆ ಕರೆಂಟು ಹೋದರೆ ಕೆಡುತ್ತಿತ್ತು. ಇನ್ನು ಆ ದೂರದ ಕಂಪ್ಯೂಟರ್ ತನ್ನ ಗುರುತಿನ ಪತ್ರ ತೋರಿಸಿದರೆ, ಅದರ ಮೇಲೆ ಇಂಥ ದಿನದಿಂದ ಇಂಥ ದಿನದವರೆಗೆ ಎಂದಿರುತ್ತದೆ. ಎಪ್ಪತ್ತನೇ ಇಸವಿಯಲ್ಲಿ ಕೂತ ನಮ್ಮ ಪೆಟ್ಟಿಗೆಗೆ ಆ ಪತ್ರ ಇನ್ನೂ ಚಾಲೂ ಆಗಿಯೇ ಇಲ್ಲ. ಬಾಗಿಲು ಹಾಕಿಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಆರಿಸಿ ಹಚ್ಚಿದಾಗಲೆಲ್ಲ ಅದನ್ನು ಹಿಂದಕ್ಕೆ ತಳ್ಳುತ್ತಿದ್ದವಳು ನಾನೇ. ಲೈನಿನ ಸಿಪ್ಪೆ ಕಿತ್ತದ್ದು ಬೇರೆಯದೇ ಒಂದು ತೊಂದರೆ. ರಿಪೇರಿಯಾದ ಎರಡು ದಿನ ಕರೆಂಟು ಹೋಗಿರಲಿಲ್ಲ, ಅಷ್ಟೇ.

ಇದನ್ನೆಲ್ಲ ನಾನು ಗುಮಾಸ್ತರಿಗೆ ಹೇಳಿದೆ. ಅವರು ಪೂರ್ತಿ ಕೇಳಿದರು. "ಅಂದ್ರ ಪೆಟ್ಟಿಗಿದು ತಪ್ಪಿಲ್ಲ. ಅದರ ಮಟ್ಟಿಗಿ ಅದು ಬರೋಬ್ಬರಿ ನಡಕೊಂಡಾದ. ಯಾರದೋ ಚೀಟಿ ತಾರೀಖು ತಪ್ಪಿದ್ರ ನಾನೂ ಗೇಟ್ ಎತ್ತಾಂಗಿಲ್ಲ."

ಕಾಕಾನಿಗೆ ಮಾತ್ರ ಸ್ವಲ್ಪ ಮುಖ ಬಾಡಿತು. "ಹಂಗಾದ್ರ ನಾ ಮಾಡಿದ ರಿಪೇರಿ?" ಎಂದರು.

"ಅದು ಮಾಡದಿದ್ರ ಒಂದಿಲ್ಲೊಂದ್ ದಿನ ಲೈನೇ ಹರೀತಿತ್ತು, ಕಾಕಾ" ಎಂದೆ. ಅದು ಸುಳ್ಳಲ್ಲ.

ಮರುದಿನ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಸುರಪುರದ ಬಸ್ಸು ಹತ್ತಿದೆ. ಪಕ್ಕದ ಹೆಣ್ಣುಮಗಳು ಕೂಸೇನೋ ಎಂದು ಬಗ್ಗಿ ನೋಡಿದಳು. ಗುಡ್ಡದ ಬುಡದ ಪೇಟೆಯಲ್ಲಿ ಒಬ್ಬ ಗಡಿಯಾರ ರಿಪೇರಿಯ ಮುದುಕರಿದ್ದರು. ಗುಮಾಸ್ತರ ಕೈಗಡಿಯಾರವನ್ನು ಅವರೇ ನೋಡುತ್ತಿದ್ದರಂತೆ. ಅವರು ಕಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡು, ನಾಲ್ಕು ಸ್ಕ್ರೂ ಬಿಚ್ಚಿ, ಗುಂಡಿಯಂಥ ಸೆಲ್ಲನ್ನು ಚಿಮಟದಿಂದ ಎತ್ತಿ ಬೆಳಕಿಗೆ ಹಿಡಿದರು.

"ಇದು ಎಂದೋ ತೀರಿಕೊಂಡಾದ, ಬೇಟಾ. ಇದರ ಸಲುವಾಗಿ ಎಷ್ಟ್ ದಿನ ಪರೇಶಾನ್ ಆದ್ರಿ?"

"ಒಂದೂವರಿ ತಿಂಗಳ್ರಿ."

"ಗಡಿಯಾರದ ಮಾತು ಗಡಿಯಾರದವರಿಗೆ ಕೇಳಬೇಕು" ಎಂದು ಹೊಸದನ್ನು ಕೂರಿಸಿ, ಟವೆಲ್ಲನ್ನು ತಾವೇ ಮತ್ತೆ ಸುತ್ತಿ ಕೊಟ್ಟರು.

ಕಚೇರಿಗೆ ಬಂದು ಪೆಟ್ಟಿಗೆಯ ಗಂಟೆ ಸರಿಪಡಿಸಿದೆ. ಏಳುವಾಗ ಒಂದೇ ಸಲವಲ್ಲ, ಉತ್ತರ ಬರುವತನಕ ಮತ್ತೆ ಮತ್ತೆ ಕೇಳುವಂತೆಯೂ ಮಾಡಿದೆ. ನಂಬಿಕೆಯಾಗಲೆಂದು ಬೇಕಂತಲೇ ಎರಡು ಸಲ ಮೇನ್ ಸ್ವಿಚ್ಚು ಆರಿಸಿ ಹಚ್ಚಿದೆವು. ಕಾಕಾ ಸ್ವಿಚ್ಚಿನ ಹತ್ತಿರ, ನಾನು ಪೆಟ್ಟಿಗೆಯ ಹತ್ತಿರ, ಗುಮಾಸ್ತರು ಇಬ್ಬರ ನಡುವೆ ನಿಂತು "ಹಾಂ, ಎತ್ತು" ಎಂದು ಗೇಟು ಎತ್ತಿಸಿದಂತೆಯೇ ಹೇಳಿದರು. ಹಸಿರು ಬಂತು. ಒಂದೂವರೆ ತಿಂಗಳ ಕೆಂಪು ದಿನಗಳದ್ದು ಬಾಕಿ ಇದ್ದದ್ದರಿಂದ ಎಲ್ಲ ಹೋಗಿ ಮುಗಿಯಲು ಮೂರು ದಿನ ಬೇಕಾಯಿತು. ಮೂರನೆಯ ದಿನ ಮಧ್ಯಾಹ್ನ, ಎಲ್ಲ ಮುಟ್ಟಿತು ಎಂಬ ವರದಿಯನ್ನು, ನೆತ್ತಿಯ ತಾರೀಖು ಮೊದಲು ನೋಡಿಕೊಂಡು, ಗುಮಾಸ್ತರ ಮುಂದಿಟ್ಟೆ.

ಅವರು ಅದನ್ನು ಫೈಲಿಗೆ ಹಚ್ಚಲಿಲ್ಲ. "ಹೋತು ಅಂತ ಕಾಗದ ಹೇಳ್ತದ. ಒಂದ್ ಹಾಳಿ ತಿರುಗಿ ತರಿಸಿ ತೋರಿಸ್ರಿ ನೋಡೂಣು" ಎಂದರು.

ಸರಿಯಾದ ಮಾತು. ಕಳಿಸಿದ್ದು ತಿರುಗಿ ಬರದಿದ್ದರೆ ಕಳಿಸಿ ಏನು ಫಲ? "ಯಾವುದು ತರಸಲಿರಿ?" ಎಂದೆ.

ಅವರು ಯೋಚಿಸಲೇ ಇಲ್ಲ. ಬಹಳ ಹಳೆಯ ಒಂದು ರಜಿಸ್ಟರಿನ ನಂಬರು ಹೇಳಿದರು, ಹಾಳೆಯ ನಂಬರು ಸಹಿತ. ನಾನು ದೂರದ ಕಂಪ್ಯೂಟರಿನಲ್ಲಿ ಹುಡುಕಿ, ಅದನ್ನು ಕೆಳಗಿಳಿಸಲು ಹಚ್ಚಿದೆ. ಪರದೆಯ ಮೇಲೆ ಹಾಳೆ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಮೂಡಿತು. ಅಂಚಿಗೆ ನೀರಿನ ಕಲೆ. ಅಕ್ಷರ ಅವರದಲ್ಲ. ಗುಂಡಗಿನ, ಒತ್ತಿ ಬರೆದ, ಶಾಲೆಯ ಹುಡುಗಿಯರ ಅಕ್ಷರ. ಅಷ್ಟು ಹಾಳೆಗಳ ನಡುವೆ ಇದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ತೂಬು, ಹೆಸರು, ಹೊತ್ತು ಎಲ್ಲ ಸರಿಯಾಗಿದ್ದವು. ಷರಾ ಕಾಲಮ್ಮಿನಲ್ಲಿ ಒಂದೇ ಸಾಲು: "ಇವತ್ತು ಗಂಜಿ ಕುಡಿದರು."

ಗುಮಾಸ್ತರು ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಕೂತರು. ಆ ಸಾಲಿನ ಮೇಲೆ ಬೆರಳು ಆಡಿಸಿದರು. ಆಮೇಲೆ, "ಬಂದಾಳ. ಆಕೀನೂ ಕೂಡೇ ಹೋಗ್ಯಾಳೋ ಇಲ್ಲೋ ನೋಡಬೇಕಿತ್ತು" ಎಂದರು.

ಆ ಸಂಜೆ ಬಸ್ಸು ತಡವಾಯಿತು. ಗುಮಾಸ್ತರು ಎಂದೂ ಸೇತುವೆಯತನಕ ಬರುವವರಲ್ಲ, ಅಂದು ಬಂದರು. ಸೇತುವೆಯ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಕೆಳಗೆ ನೀರು ತುಂಬಿ ಹೋಗುತ್ತಿತ್ತು. ನಾನು ಕೇಳಲಿಲ್ಲ, ಅವರೇ ಹೇಳಿದರು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅವರಿಗೆ ಟೈಫಾಯ್ಡ್ ಬಂದಿತ್ತು. ಆಗ ಗಂಡ ಹೆಂಡತಿ ಇದ್ದದ್ದು ಆ ಕಚೇರಿಯ ಹಿಂದಿನ ಕೋಣೆಯಲ್ಲೇ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ರಜೆ ಎಂದರೆ ಮನೆಗೆ ಕಳಿಸುತ್ತಿದ್ದರು. ಏಳನೇ ತರಗತಿ ಓದಿದ್ದ ಹೆಂಡತಿ ಹನ್ನೊಂದು ದಿನ ಬೆಳಿಗ್ಗೆ ಎದ್ದು ಗೇಟಿಗೆ ಹೋಗಿ, ಮಟ್ಟ ನೋಡಿಕೊಂಡು, ಬಂದ ರೈತರನ್ನು ಕೇಳಿ ಪಾಳಿ ಬರೆದಿದ್ದರು. ರೈತರಿಗೆಲ್ಲ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ.

"ಷರಾದಾಗ ಏನರೆ ಬರಿಬೇಕು ಅಂತ ನಾ ಬರಿಯೋದು ನೋಡ್ಯಾಳ. ಏನ್ ಬರಿಬೇಕು ಅಂತ ಗೊತ್ತಿಲ್ಲ. ನನ್ನ ಸುದ್ದಿನೇ ಬರದಾಳ ನೋಡ್ರಿ. ಜ್ವರ ಇಳಿದಿಲ್ಲ. ನಿದ್ದಿ ಮಾಡಿದರು. ಗಂಜಿ ಕುಡಿದರು." ಅವರು ನಕ್ಕರು. "ಮುಂದ ಎರಡ್ ತಿಂಗಳಿಗಿ ಇನ್‌ಸ್ಪೆಕ್ಷನ್ ಬಂತು. ಸಾಹೇಬ್ರು ಓದಿ, ಯಾರ್ರೀ ಗಂಜಿ ಕುಡದವರು ಅಂದ್ರು. ನಾ ಏನ್ ಹೇಳಲಿ? ಎತ್ತರಿ ಸಾಹೇಬ್ರ, ಗೇಟಿನ ಎತ್ತಿಗಿ ಮೈಯಾಗ ಆರಾಮ ಇದ್ದಿದ್ದಿಲ್ಲ ಅಂದೆ. ಮನಿಗಿ ಬಂದು ಹೇಳಿದ್ರ ಆಕಿ ಎರಡ್ ದಿನ ನನ್ನ ಎತ್ತು ಅಂತೇ ಕರದಾಳ."

"ಈಗರಿ?" ಎಂದೆ. ಅವರ ಮನೆಯವರ ವಿಷಯ ನಾನು ಅದುವರೆಗೆ ಕೇಳಿರಲಿಲ್ಲ.

"ಹೋಗಿ ಆರು ವರ್ಷ ಆತು."

ಮುಂದಿನ ವರ್ಷದ ಬೇಸಿಗೆಯಲ್ಲಿ ಅವರು ನಿವೃತ್ತರಾದರು. ನಾನು ಆ ಹನ್ನೊಂದು ಹಾಳೆಗಳನ್ನು ದಪ್ಪ ಕಾಗದದ ಮೇಲೆ ಪ್ರಿಂಟ್ ತೆಗೆದು, ಹೊಲಿಸಿ ಕೊಟ್ಟಿದ್ದೆ. ಆಮೇಲೂ ನಾನು ಅಲ್ಲಿ ಸ್ವಲ್ಪ ಕಾಲ ಇದ್ದೆ, ಅನಂತರ ಯಾದಗಿರಿಯಲ್ಲೇ ಕೆಲಸ ಸಿಕ್ಕಿತು. ಆದರೆ ಆ ಸಂಜೆ ಇದಾವುದೂ ಆಗಿರಲಿಲ್ಲ. ಸುರಪುರದ ಕಡೆಯಿಂದ ಬಸ್ಸು ಬರುವುದು ಕಂಡಿತು, ತುಂಬಿದ ಬಸ್ಸು, ನಿಲ್ಲಿಸುವ ಲಕ್ಷಣ ಕಾಣಲಿಲ್ಲ. ಗುಮಾಸ್ತರು ಕಟ್ಟೆಯಿಂದ ಇಳಿದು, ಧೋತರದ ಚುಂಗು ಕೈಯಲ್ಲಿ ಹಿಡಿದು, ರಸ್ತೆಯ ನಟ್ಟನಡುವೆ ಹೋಗಿ ನಿಂತರು.

"ನಿಂದ್ರಸೋ! ನಮ್ಮ ಹುಡುಗಿ ಯಾದಗಿರಿಗಿ ಹೋಗಬೇಕು" ಎಂದು ಡ್ರೈವರನಿಗೆ ಕೂಗಿದರು. ಬಸ್ಸು ನಿಂತಿತು. ನಾನು ಓಡಿ ಹೋಗಿ ಹತ್ತಿಕೊಂಡೆ.